ಕಾರ್ಮಿಕ ಸಚಿವರಿಗೆ: ಕೈ ಹೋದ ದಿನವೇ ಹಾಜರಿ ಪುಸ್ತಕ ವಶಪಡಿಸಿಕೊಳ್ಳಿ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರಗಳು. ನಾನು ಹೆಗ್ಗನಹಳ್ಳಿಯಲ್ಲಿ ವಾಸವಿದ್ದೇನೆ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ನನ್ನ ತಮ್ಮ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ (ಲೋಹದ ತಗಡನ್ನು ಅಚ್ಚಿನಲ್ಲಿ ಒತ್ತುವ ಯಂತ್ರ) ಆಪರೇಟರ್ ಆಗಿದ್ದ. ಬಲಗೈಯ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರೂ ಅದರ ಡೈಗೆ, ಅಂದರೆ ಅಚ್ಚಿಗೆ, ಸಿಕ್ಕಿ ಹೋದವು. ಆಗ ಅವನಿಗೆ ಮೂವತ್ತು ವರ್ಷ. ನಿಮ್ಮ ಇಲಾಖೆಗೆ ಬರೆದ ಅರ್ಜಿಗಳಿಗೆ ಸ್ವೀಕೃತಿಯ ಮೊಹರು ಬಿಟ್ಟರೆ ಬೇರೇನೂ ಸಿಗಲಿಲ್ಲವಾದ್ದರಿಂದ ಈ ಪತ್ರವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ.

ಬೇಡಿಕೆ ಒಂದೇ. ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕನ ಕೈ ಹೋಯಿತು ಎಂದು ಗೊತ್ತಾದ ದಿನವೇ ನಿಮ್ಮ ಅಧಿಕಾರಿ ಅಲ್ಲಿಗೆ ಹೋಗಬೇಕು. ಹಾಜರಿ ಪುಸ್ತಕ, ಸಂಬಳದ ವೋಚರ್, ಗೇಟಿನ ಕ್ಯಾಮೆರಾ ದಾಖಲೆ ಎಲ್ಲವನ್ನೂ ವಶಕ್ಕೆ ಪಡೆಯಬೇಕು.

ಗಾಯಗೊಂಡ ಕಾರ್ಮಿಕನ ಪರಿಹಾರದ ಕಾಯ್ದೆ ನಿಮಗೆ ತಿಳಿದೇ ಇದೆ, ನಾನು ಪಾಠ ಹೇಳುವುದು ಬೇಕಾಗಿಲ್ಲ. ಆದರೆ ಆ ಕಾಯ್ದೆ ನಮ್ಮಂಥವರ ಪಾಲಿಗೆ ಏನಾಗಿದೆ ಎಂಬುದು ನಿಮಗೆ ತಿಳಿದಿದೆಯೋ ಇಲ್ಲವೋ, ಅದನ್ನು ಹೇಳುತ್ತೇನೆ.

ಅಂದು ರಾತ್ರಿ ಪಾಳಿ. ಆ ಪ್ರೆಸ್ಸಿಗೆ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಇತ್ತು, ಆದರೆ ಪೀಸುಗಳು ನಿಧಾನವಾಗುತ್ತವೆ ಎಂದು ಅದನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಕೈ ಸಿಕ್ಕಿದ ಮೇಲೆ ಸೂಪರ್‌ವೈಸರ್ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಮಾಲೀಕರಿಗೆ ಪರಿಚಯವಿದ್ದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಅಲ್ಲಿನ ಕೇಸ್ ಶೀಟಿನಲ್ಲಿ 'ಮನೆಯ ಕಬ್ಬಿಣದ ಗೇಟಿಗೆ ಕೈ ಸಿಕ್ಕಿ ಗಾಯ' ಎಂದು ಬರೆಸಿದ್ದಾರೆ. ಸ್ವಾಮಿ, ನಾವಿರುವುದು ಶೀಟಿನ ಮನೆಯಲ್ಲಿ. ಅದಕ್ಕೆ ಗೇಟೇ ಇಲ್ಲ. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಆ ಸಾಲು ಬರೆದಾಗಿತ್ತು. ಬೆಳಿಗ್ಗೆ ಮೆಷಿನ್ ಒರೆಸಿ, ಅದೇ ಪ್ರೆಸ್ಸಿನ ಮುಂದೆ ಬೇರೊಬ್ಬ ಹುಡುಗನನ್ನು ಕೂರಿಸಿದರು.

ಮತ್ತೆ ಎರಡು ದಿನ ಕಳೆದ ಮೇಲೆ ಮಾಲೀಕರ ಕಡೆಯವರು ಛಾಪಾ ಕಾಗದ ಹಿಡಿದು ವಾರ್ಡಿಗೆ ಬಂದರು. ತಮ್ಮ ಹತ್ತನೇ ತರಗತಿವರೆಗೆ ಓದಿದವನು, ದುಂಡಾದ ಅಕ್ಷರದಲ್ಲಿ ಸಹಿ ಮಾಡುತ್ತಿದ್ದವನು. ಸಹಿ ಮಾಡುವ ಕೈಗೆ ಮೊಣಕೈವರೆಗೆ ಬ್ಯಾಂಡೇಜ್ ಇತ್ತು. ಅದಕ್ಕೆ ಎಡಗೈ ಹೆಬ್ಬೆರಳನ್ನು ಹಿಡಿದು ಇಂಕ್ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿಸಿಕೊಂಡರು. ನೋವಿನ ಮಾತ್ರೆಯ ಮಂಪರಿನಲ್ಲಿದ್ದವನಿಗೆ ಅದರಲ್ಲೇನಿದೆ ಎಂದು ಓದಿಯೂ ಹೇಳಲಿಲ್ಲ. 40,000 ರೂಪಾಯಿ ಕೊಟ್ಟು, 'ಮುಂದೆ ಯಾವ ತಕರಾರೂ ಇಲ್ಲ' ಎಂದು ಬರೆಸಿಕೊಂಡಿದ್ದಾರೆಂದು ನನಗೆ ಗೊತ್ತಾದದ್ದು ನಂತರ. ಮನೆಗೆ ಬಂದಾಗಲೂ ಅವನ ಎಡಗೈ ಉಗುರಿನ ಸಂದಿಯಲ್ಲಿ ಆ ನೀಲಿ ಶಾಯಿ ಹಾಗೇ ಇತ್ತು. ನಾನೇ ಸೋಪು ಹಾಕಿ ಉಜ್ಜಿ ತೊಳೆದೆ. ಮೂರು ಬೆರಳು ಕಳೆದುಕೊಂಡವನಿಂದ ಉಳಿದ ಬೆರಳನ್ನೂ ಸುಳ್ಳಿಗೆ ಸಾಕ್ಷಿ ಮಾಡಿಸಿಕೊಂಡ ಜನ ಇವರು.

ಅಪಘಾತ ನಡೆದಾಗ 1923ರ ನೌಕರರ ಪರಿಹಾರ ಕಾಯ್ದೆಯೇ ಜಾರಿಯಲ್ಲಿತ್ತು. ಹಕ್ಕನ್ನು ಬಿಟ್ಟುಕೊಡುವಂತೆ ಬರೆಸಿಕೊಂಡ ಯಾವ ಕರಾರೂ ಊರ್ಜಿತವಲ್ಲ ಎಂದು ಅದರ 17ನೇ ಕಲಮು ಹೇಳುತ್ತಿತ್ತು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕನ್ನು ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು 2017ರಲ್ಲಿ ತಿದ್ದುಪಡಿಯೂ ಆಯಿತು. ತಿಳಿಸದಿದ್ದರೆ ಆಗ ಕನಿಷ್ಠ 50,000 ರೂಪಾಯಿ ದಂಡವಿತ್ತು. ಪೀಣ್ಯದಲ್ಲಿ ಹಾಗೆ ತಿಳಿಸಿದ ಒಬ್ಬ ಮಾಲೀಕರನ್ನೂ ನಾನು ಕಂಡಿಲ್ಲ. ಯಾರಿಗಾದರೂ ಈ ದಂಡ ಬಿದ್ದಿದ್ದರೆ ದಯವಿಟ್ಟು ತಿಳಿಸಿ.

ಆ ಕಾಯ್ದೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30ರಷ್ಟು ನಷ್ಟ ಎಂದು ಅದರ ಅನುಸೂಚಿಯಲ್ಲೇ ಇತ್ತು. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ತಿಂಗಳಿಗೆ ಗರಿಷ್ಠ 15,000, ಅದರ ಶೇ. 60 ಎಂದರೆ 9,000. ವಯಸ್ಸಿಗೆ ತಕ್ಕಂತೆ ಕಾಯ್ದೆ ಹೇಳಿದ ಗುಣಕ ಮೂವತ್ತು ವರ್ಷದವನಿಗೆ 207.98. ಗುಣಿಸಿ ಬಂದದ್ದರ ಶೇ. 30 ಎಂದರೆ 5,61,546 ರೂಪಾಯಿ. ಚಿಕಿತ್ಸೆಯ ಖರ್ಚು ಬೇರೆ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡ. ಇದು ಯಾರ ಧರ್ಮದ ದುಡ್ಡೂ ಅಲ್ಲ. ಅವರು ಕೊಟ್ಟದ್ದು ನಲವತ್ತು ಸಾವಿರ.

ದಾವೆ ಹೂಡಿದ್ದೇವೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದೂ, ಕೈಗಾರಿಕಾ ಕಾರ್ಮಿಕನಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆಂಬುದೂ ನಮಗೆ ತಿಳಿದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. 15100 ಎಂಬ ಉಚಿತ ಕಾನೂನು ನೆರವಿನ ಸಹಾಯವಾಣಿ ಸಂಖ್ಯೆಯನ್ನು ಪ್ರತಿ ಕಾರ್ಖಾನೆಯ ಗೇಟಿಗೆ ಬರೆಸಿದ್ದರೆ ನಾವು ಅಷ್ಟು ಅಲೆಯುತ್ತಿರಲಿಲ್ಲ.

ಈಗ ನ್ಯಾಯಾಲಯದಲ್ಲಿ ಮಾಲೀಕರ ಆಕ್ಷೇಪಣೆ ಏನು ಗೊತ್ತೇ? 'ಈತ ನಮ್ಮ ಕಾರ್ಮಿಕನೇ ಅಲ್ಲ.' ಅದರ ಕೆಳಗಿನ ಪ್ಯಾರಾದಲ್ಲೇ, 'ಒಂದು ವೇಳೆ ಕಾರ್ಮಿಕನೆಂದು ಸಾಬೀತಾದರೆ ಇಎಸ್‌ಐನವರು ಕೊಡಬೇಕು, ನಾವಲ್ಲ.' ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ನಿಗಮದ ಕಚೇರಿಯಲ್ಲಿ ಕೇಳಿದರೆ ಈ ಹೆಸರಿನಲ್ಲಿ ವಂತಿಗೆಯೇ ಬಂದಿಲ್ಲ ಎನ್ನುತ್ತಾರೆ. ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಶೇ. 0.75 ಇಎಸ್‌ಐಗೆ ಮುರಿಯುತ್ತಾರೆ, ಕಾರ್ಡು ನನ್ನ ಪರ್ಸಿನಲ್ಲಿದೆ. ತಮ್ಮನಿಗೆ ಕಾರ್ಡು ಮಾಡಿಸಬೇಕಾದವರು ಮಾಡಿಸಲಿಲ್ಲ. ಮಾಡಿಸದ್ದನ್ನೇ ಈಗ ಗುರಾಣಿಯಾಗಿ ಹಿಡಿದಿದ್ದಾರೆ.

ಹಾಜರಿ ಪುಸ್ತಕ ತನ್ನಿ ಎಂದರೆ ಹೊಸ ಪುಸ್ತಕ ಬಂತು. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಪೆನ್ನು, ಒಂದೇ ಕೈಬರಹ; ತಮ್ಮನ ಹೆಸರಿಲ್ಲ. ಸಂಬಳ ಕೈಗೇ ಕೊಡುತ್ತಿದ್ದರು, ಬ್ಯಾಂಕಿನಲ್ಲಿ ಗುರುತಿಲ್ಲ. ಜೊತೆಗೆ ದುಡಿದವರು ಸಾಕ್ಷಿ ಹೇಳಿದರೆ ಮರುದಿನ ಗೇಟಿನ ಹೊರಗಿರುತ್ತಾರೆ. ಅವರಿಗೂ ಮನೆ ಬಾಡಿಗೆ ಇದೆ, ನಾನು ಅವರನ್ನು ದೂರುವುದಿಲ್ಲ. ಮೂರು ತಿಂಗಳೊಳಗೆ ತೀರ್ಮಾನವಾಗಬೇಕೆಂದು ಆ ಕಾಯ್ದೆ ಹೇಳುತ್ತಿತ್ತು. ಆದರೆ ಕಾಗದವೇ ಇಲ್ಲದೆ ನ್ಯಾಯಾಧೀಶರು ತಾನೆ ಏನು ಮಾಡಿಯಾರು? ಆ ಕಾಗದವನ್ನು ಹಿಡಿಯುವ ಅಧಿಕಾರ ನಿಮ್ಮ ಅಧಿಕಾರಿಗಳಿಗೆ ಇತ್ತು. ತೀವ್ರ ಗಾಯವಾದರೆ ಏಳು ದಿನದೊಳಗೆ ಮಾಲೀಕರು ವರದಿ ಕಳುಹಿಸಬೇಕಿತ್ತು. ಕಳುಹಿಸಲಿಲ್ಲ. ಆದರೆ ನಾನು ಕಳುಹಿಸಿದ್ದೆ. ನನ್ನ ಅರ್ಜಿ ತಲುಪಿದ ವಾರವೇ ಒಬ್ಬರು ಬಂದಿದ್ದರೆ ಹಳೆಯ ಪುಸ್ತಕ ಅಲ್ಲೇ ಮೇಜಿನ ಮೇಲಿರುತ್ತಿತ್ತು. ಯಾಕೆ ಬರಲಿಲ್ಲ?

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ನಡೆದ ಅಪಘಾತವೂ ಈಗ ಪರಿಹಾರಕ್ಕೆ ಸೇರಬಹುದಂತೆ, ನೇಮಕಾತಿ ಪತ್ರ ಕಡ್ಡಾಯವಂತೆ. ಒಳ್ಳೆಯದು. ಆದರೆ ಕಾರ್ಮಿಕನೇ ಅಲ್ಲ ಎಂದು ಬರೆದುಕೊಟ್ಟರೆ ಮುಗಿಯಿತು ಎನ್ನುವ ಧೈರ್ಯ ಮಾಲೀಕರಿಗೆ ಇರುವವರೆಗೆ ಯಾವ ಸಂಹಿತೆ ಬಂದರೂ ನಮಗೆ ಬಂದದ್ದೇನು?

ಆದ್ದರಿಂದ ಮತ್ತೆ ಕೇಳುತ್ತೇನೆ. ಗಾಯದ ಸುದ್ದಿ ಬಂದ ದಿನವೇ ಅಧಿಕಾರಿ ಹೋಗಲಿ, ಪುಸ್ತಕ ವಶಪಡಿಸಿಕೊಳ್ಳಲಿ, ಆಸ್ಪತ್ರೆಯಲ್ಲೇ ಗಾಯಾಳುವಿನ ಹೇಳಿಕೆ ಬರೆದುಕೊಳ್ಳಲಿ. ಹೀಗೆಂದು ಒಂದು ಲಿಖಿತ ಆದೇಶ ಹೊರಡಿಸಿ. ಹೋಗದ ಅಧಿಕಾರಿ ಕಾರಣವನ್ನು ಬರೆದು ಕೊಡಲಿ.

ತಮ್ಮನ ಬೆರಳು ತೆಗೆದ ಆ ಪ್ರೆಸ್ ಇಂದಿಗೂ ಎರಡು ಪಾಳಿ ಓಡುತ್ತಿದೆ. ಗಾರ್ಡ್ ಹಾಕಿದ್ದಾರೋ ಇಲ್ಲವೋ ಎಂದು ನೋಡಲು ಮೊದಲು ಅಲ್ಲಿಗೇ ಒಬ್ಬರನ್ನು ಕಳುಹಿಸಿ. ವಿಳಾಸ ನಿಮ್ಮ ಇಲಾಖೆಯಲ್ಲಿರುವ ನನ್ನ ಅರ್ಜಿಗಳಲ್ಲಿದೆ.

ಇಂತಿ,
ಗಾಯಾಳು ಕಾರ್ಮಿಕನ ಅಕ್ಕ
ಹೆಗ್ಗನಹಳ್ಳಿ, ಬೆಂಗಳೂರು