ಜೆಲ್ ಇಲ್ಲದ ಪರೀಕ್ಷೆ, ಹೊಸ ದರ: ನಮ್ಮ ಗ್ರಾಹಕರಿಗೆ ಪತ್ರ

ಬಳ್ಳಾರಿ

ಮಾನ್ಯ ಗ್ರಾಹಕರೆ,

ಪ್ಲೈವುಡ್, ಫ್ಲಶ್ ಡೋರ್ ಮತ್ತು ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಹಲಗೆಗಳಲ್ಲಿ ಅಂಟು ಬಿಟ್ಟಿದೆಯೇ ಎಂಬುದನ್ನು ಇನ್ನು ಮುಂದೆ ನಾವು ಜೆಲ್ ಹಚ್ಚಿ ಪರೀಕ್ಷಿಸುವುದಿಲ್ಲ. ಮಾಲನ್ನು ಮುಟ್ಟದೆ, ಗಾಳಿಯ ಮೂಲಕವೇ ಅಲ್ಟ್ರಾಸೌಂಡ್ (ಕಿವಿಗೆ ಕೇಳದ ಸದ್ದು) ಹಾಯಿಸಿ ನೋಡುತ್ತೇವೆ. ಈ ಕೆಲಸದ ದರ ಹಳೆಯದರ ಒಂದೂವರೆ ಪಟ್ಟಾಗಿದೆ. ತೋರಣಗಲ್ಲು, ಗಿಣಿಗೇರಾ ಕಡೆಯಿಂದ ಬರುವ ಉಕ್ಕಿನ ಪ್ಲೇಟು ಮತ್ತು ವೆಲ್ಡಿಂಗ್ ಕೆಲಸಕ್ಕೆ ಮೊದಲಿನ ಪದ್ಧತಿ, ಮೊದಲಿನ ದರವೇ ಇರುತ್ತದೆ.

ಜೆಲ್ ಕಟ್ಟಿಗೆಯೊಳಗೆ ಇಂಗಿ ಕಲೆ ಬೀಳುತ್ತದೆ, ಅದರ ಮೇಲೆ ಪಾಲಿಶ್ ಕೂರುವುದಿಲ್ಲ ಎಂದು ದೂರಿದವರು ತಾವೇ. ಆ ದೂರು ನ್ಯಾಯವಾಗಿತ್ತು. ಆದರೆ ದರದ ಸುದ್ದಿ ಹೋದ ಮೇಲೆ ಒಂದೇ ಮಾತನ್ನು ಹತ್ತು ಬಾಯಲ್ಲಿ ಕೇಳುತ್ತಿದ್ದೇವೆ: “ಜೆಲ್ ಖರ್ಚು ಉಳೀತು, ಮಾಲು ಮುಟ್ಟೋದೂ ಇಲ್ಲ, ಗಾಳ್ಯಾಗ ತೋರ್ಸಿ ರೊಕ್ಕ ಜಾಸ್ತಿ ಕೇಳ್ತೀರಲ್ರೀ?”

ಜೆಲ್ಲಿನ ಡಬ್ಬಿ ನಮ್ಮ ಬಿಲ್ಲಿನಲ್ಲಿ ಎಂದೂ ದೊಡ್ಡ ಬಾಬತ್ತಾಗಿರಲಿಲ್ಲ. ಪ್ರೋಬಿಗೂ (ಸದ್ದು ಬಿಡುವ, ಹಿಡಿಯುವ ಸಾಧನ) ಮಾಲಿಗೂ ನಡುವೆ ಸಿಕ್ಕಿಕೊಳ್ಳುವ ಗಾಳಿಯನ್ನು ಹೊರದೂಡುವುದು ಅದರ ಕೆಲಸವಾಗಿತ್ತು, ಏಕೆಂದರೆ ಗಾಳಿಯಿಂದ ಗಟ್ಟಿ ವಸ್ತುವಿನೊಳಕ್ಕೆ ಸದ್ದು ಸುಲಭಕ್ಕೆ ಇಳಿಯದೆ ಬಹುಪಾಲು ಮೇಲ್ಮೈಗೆ ಬಡಿದು ಹಿಂದಿರುಗುತ್ತದೆ. ಉಕ್ಕಾದರೆ ಒಂದು ಲಕ್ಷ ಪಾಲು ಶಕ್ತಿಯಲ್ಲಿ ಒಳಹೋಗುವುದು ಸುಮಾರು 4 ಪಾಲು. ಆಚೆ ಬದಿಯಲ್ಲಿ ಹೊರಬೀಳುವಾಗ ಆ ನಾಲ್ಕರಲ್ಲೂ ಮತ್ತೆ ಅದೇ ಲೆಕ್ಕದ ಕಡಿತ. ಉಕ್ಕಿಗೆ ನಾವು ಈಗಲೂ ಜೆಲ್ ಹಚ್ಚುವುದು ಇದಕ್ಕೇ. ಕಟ್ಟಿಗೆ ಅಷ್ಟು ಹಟಮಾರಿಯಲ್ಲ, ಆದರೂ ಆಚೆಗೆ ತಲುಪುವ ಸದ್ದು ತೀರ ಕ್ಷೀಣ. ಉಕ್ಕಿಗೆ ಬಳಸುವ 2ರಿಂದ 5 ಮೆಗಾಹರ್ಟ್ಸ್ ಪ್ರೋಬುಗಳು ಇಲ್ಲಿ ನಡೆಯುವುದಿಲ್ಲ. ಆವರ್ತನ ಏರಿದಷ್ಟೂ ಗಾಳಿಯೇ ಸದ್ದನ್ನು ನುಂಗುವುದರಿಂದ 200 ಕಿಲೋಹರ್ಟ್ಸ್ ಆಸುಪಾಸಿಗೆ ಇಳಿಯಬೇಕು. ಅದಕ್ಕೆಂದೇ ಮಾಡಿದ ಪ್ರೋಬ್ ಜೋಡಿ ಮತ್ತು ಆಂಪ್ಲಿಫೈಯರನ್ನು ನಾವು ಹೊರದೇಶದಿಂದ ಸಾಲ ಮಾಡಿ ತರಿಸಿದ್ದೇವೆ. ಎರಡು ಪ್ರೋಬುಗಳನ್ನು ಹಲಗೆಯ ಎರಡೂ ಬದಿಗೆ ಎದುರುಬದುರಾಗಿ ಒಯ್ಯುವ ಚೌಕಟ್ಟನ್ನು ಮಾತ್ರ ನಮ್ಮೂರಿನ ಲೇತ್ ವರ್ಕ್‌ಶಾಪಿನಲ್ಲೇ ಮಾಡಿಸಿದೆವು, ಅದು ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲವೆಂದು ಹೆಮ್ಮೆಯಿಂದಲೇ ಹೇಳುತ್ತೇವೆ.

ಅಂಟು ಬಿಟ್ಟಲ್ಲಿ ಕಾಗದಕ್ಕಿಂತ ತೆಳುವಾದ ಗಾಳಿಯ ಪದರವಿದ್ದರೂ ಸದ್ದು ಅಲ್ಲಿಗೇ ನಿಂತು, ಪರದೆಯ ಮೇಲೆ ಆ ಜಾಗ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಆದರೆ ಸಾಲುಸಾಲಾಗಿ ಇಡೀ ಬಾಗಿಲನ್ನು ಹೀಗೆ ನೋಡಲು ಹೊತ್ತು ಹಿಡಿಯುತ್ತದೆ. ದರದಲ್ಲಿ ಹೆಚ್ಚಿನದು ಆ ಹೊತ್ತಿನ ಕೂಲಿ.

ಕಳೆದ ಬೇಸಿಗೆಯಲ್ಲಿ ಈ ಗಾಳಿಯ ಪದ್ಧತಿಯಲ್ಲೇ ಕೆಲವು ಮಾಲು ನೋಡಿದಾಗ ತಪ್ಪು ರಿಪೋರ್ಟ್ ಪಡೆದವರ ಕ್ಷಮೆಯನ್ನು ಮನಸಾರೆ ಕೇಳುತ್ತೇವೆ. ಸೆಕೆ ತಾಳದೆ ಶೆಡ್ಡಿನಲ್ಲಿ ಕೂಲರ್ ಹಾಕಿಕೊಂಡಿದ್ದೆವು. ಗಾಳಿಯಲ್ಲಿ ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದರೆ 40 ಡಿಗ್ರಿಯಲ್ಲಿ ಸುಮಾರು 355. ಬಿಸಿ ಗಾಳಿ, ತಂಪು ಗಾಳಿ ಪ್ರೋಬುಗಳ ನಡುವೆ ಕಲಸಿಕೊಂಡು ಸದ್ದು ದಾರಿ ತಪ್ಪಿ, ಒಳ್ಳೆಯ ಬಾಗಿಲುಗಳನ್ನೇ ಕೆಟ್ಟವೆಂದು ಬರೆದುಕೊಟ್ಟೆವು. ಒಬ್ಬ ಮಾಲೀಕರು ನಮ್ಮೆದುರೇ ಒಂದು ಬಾಗಿಲನ್ನು ಗರಗಸದಿಂದ ಕೊಯ್ದು ತೋರಿಸಿದರು. ಅಂಟು ಎಲ್ಲೂ ಬಿಟ್ಟಿರಲಿಲ್ಲ. ಆ ತುಂಡು ಇಂದಿಗೂ ನಮ್ಮ ಮೇಜಿನ ಮೇಲಿದೆ. ಆ ಅವಧಿಯ ಮಾಲನ್ನೆಲ್ಲ ಹಣ ಪಡೆಯದೆ ಮತ್ತೊಮ್ಮೆ ನೋಡಿಕೊಡುತ್ತೇವೆ.

ನಂಬಿಕೆ ಬಾರದವರು ಒಂದು ಹಲಗೆಯಲ್ಲಿ ತಮಗೆ ಬೇಕಾದ ಕಡೆ ಅಂಟು ಹಚ್ಚದೆ ಬಿಟ್ಟು, ಜಾಗ ಹೇಳದೆ ತನ್ನಿ. ಎದುರಿಗೇ ಕೂತು ನೋಡಿ. ದಯವಿಟ್ಟು ಬೆಳಗಿನ ಹೊತ್ತೇ ಬನ್ನಿ, ಪರೀಕ್ಷೆ ಮುಗಿಯುವ ತನಕ ಶೆಡ್ಡಿನಲ್ಲಿ ಈಗ ಫ್ಯಾನು ಕೂಡ ಹಾಕುವುದಿಲ್ಲ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು