ಮೆಟ್ಟಿಲು ಹತ್ತಿದ್ದಕ್ಕಲ್ಲ, ಗೆಳೆಯಾ

ಪ್ರೀತಿಯ ಗೆಳೆಯಾ,

ಐವಿಎಫ್‌ನಲ್ಲಿ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಹಾಕಿದ ಭ್ರೂಣ ನಿಲ್ಲಲಿಲ್ಲ, ಮೆಟ್ಟಿಲು ಹತ್ತಿದ್ದಕ್ಕೇ ಹೀಗಾಯ್ತು ಅಂತ ಹೆಂಡತಿ ಕೊರಗುತ್ತಿದ್ದಾರೆ ಎಂಬ ನಿನ್ನ ಮೆಸೇಜ್ ಬಂದು ಎರಡು ದಿನವಾಯ್ತು. ಬರೆಯಲು ಕೂತಾಗಲೆಲ್ಲ ಬರೀ ಸಮಾಧಾನದ ಮಾತೇ ಬರುತ್ತಿತ್ತು, ಅಳಿಸಿಬಿಟ್ಟೆ. ನೀನು ಕೇಳಿದ್ದು ಅದನ್ನಲ್ಲವಲ್ಲ. ‘ಭ್ರೂಣ ಚೆನ್ನಾಗಿದೆ ಅಂದಿದ್ದರು, ಮತ್ತೆ ಯಾಕೆ ನಿಲ್ಲಲಿಲ್ಲ?’ ಅಂತ ಕೇಳಿದ್ದೆ.

ಮೊದಲು ನಿನ್ನ ಹೆಂಡತಿಗೆ ಇಷ್ಟು ಹೇಳು. ಮೆಟ್ಟಿಲು ಹತ್ತಿದ್ದಕ್ಕೆ ಭ್ರೂಣ ಜಾರಿ ಬೀಳುವುದಿಲ್ಲ. ಗರ್ಭಕೋಶ ಖಾಲಿ ಡಬ್ಬಿಯಲ್ಲ, ಅದರ ಒಳಗೋಡೆಗಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ದಿನವಿಡೀ ಮಲಗಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ನಾನು ಲ್ಯಾಬಿನಲ್ಲಿ ನೋಡುವುದು ಇಲಿಗಳನ್ನು. ಅವುಗಳಲ್ಲಿ ಭ್ರೂಣ ಗರ್ಭಕೋಶದ ಗೋಡೆಗೆ ಕಚ್ಚಿಕೊಳ್ಳುವುದು ಗರ್ಭದ ನಾಲ್ಕನೇ ದಿನ ರಾತ್ರಿಯ ಹೊತ್ತಿಗೆ. ಆಮೇಲೆ ಬಾಲದ ರಕ್ತನಾಳಕ್ಕೆ ನೀಲಿ ಬಣ್ಣ ಚುಚ್ಚಿ, ಸ್ವಲ್ಪ ಬಿಟ್ಟು ಗರ್ಭಕೋಶ ತೆಗೆದು ನೋಡಿದರೆ, ದಾರದಂತೆ ಉದ್ದಕ್ಕಿರುವ ಅದರ ಮೇಲೆ ಅಲ್ಲಲ್ಲಿ ನೀಲಿ ಪಟ್ಟಿ. ಒಂದು ಪಟ್ಟಿಗೆ ಒಂದು ಭ್ರೂಣ. ಭ್ರೂಣ ತಾಗಿದ ಕಡೆ ಮಾತ್ರ ರಕ್ತನಾಳಗಳು ಸೋರಲು ಶುರುವಾಗುತ್ತವೆ, ಬಣ್ಣ ಅಲ್ಲೇ ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ಸುಮ್ನೆ ಮೂರು ಸಲ ಎಣಿಸಿದ್ದೆ.

ಅಚ್ಚರಿ ಏನೆಂದರೆ, ಭ್ರೂಣ ಅಂಟಿಕೊಳ್ಳುವುದಕ್ಕೆ ಕೆಲವು ಗಂಟೆ ಮೊದಲೇ, ಸರಿಯಾಗಿ ಅದು ಕೂರುವ ಜಾಗದಲ್ಲಿ, ತಾಯಿಯ ಒಳಪದರದಲ್ಲಿ ಎಚ್‌ಬಿ-ಇಜಿಎಫ್ ಎಂಬ ಜೀನ್ ಕೆಲಸ ಶುರುಮಾಡಿರುತ್ತದೆ. ಪಕ್ಕದ ಜಾಗದಲ್ಲಿ ಇಲ್ಲ. ತಾಯಿ, ಭ್ರೂಣ ಇಬ್ಬರೂ ಮುಟ್ಟುವ ಮೊದಲೇ ಮಾತಾಡಿಕೊಂಡಿರುತ್ತಾರೆ, ಅಲ್ವಾ?

ಇನ್ನೊಂದು ಜೀನ್ ಲಿಫ್. 1992ರಲ್ಲಿ ವಿಜ್ಞಾನಿ ಕಾಲಿನ್ ಸ್ಟೀವರ್ಟ್ ಮತ್ತು ಜೊತೆಗಾರರು ಆ ಜೀನ್ ಇಲ್ಲದ ಹೆಣ್ಣಿಲಿಗಳ ಕಥೆ ಬರೆದರು. ಭ್ರೂಣಗಳು ಚೆನ್ನಾಗಿಯೇ ಆದವು, ಆದರೆ ಒಂದೂ ಕಚ್ಚಿಕೊಳ್ಳಲಿಲ್ಲ. ಅವೇ ಭ್ರೂಣಗಳನ್ನು ಬೇರೆ ತಾಯಿಗೆ ಹಾಕಿದರೆ ಬೆಳೆದವು. ಕೊರತೆ ಇದ್ದದ್ದು ಗರ್ಭಕೋಶದಲ್ಲಿ.

ಹಾಗಂತ ಈಗ ಗರ್ಭಕೋಶದ ಮೇಲೆ ತಪ್ಪು ಹೊರಿಸಬೇಡ. ಮನುಷ್ಯರಲ್ಲಿ ಕಥೆ ಇಷ್ಟು ಸಲೀಸಲ್ಲ. ಲಿಫ್ ಅನ್ನು ಔಷಧಿಯಂತೆ ಕೊಟ್ಟು ನೋಡಿದರು, ಉಪಯೋಗವಾಗಲಿಲ್ಲ. 28 ದಿನದ ಚಕ್ರದಲ್ಲಿ ಸುಮಾರು 20ರಿಂದ 24ನೇ ದಿನದವರೆಗೆ ಒಳಪದರ ಭ್ರೂಣವನ್ನು ಒಪ್ಪಿಕೊಳ್ಳುತ್ತದೆ. ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಬಂದ ಮೇಲೆ ನೂರಾರು ಜೀನ್‌ಗಳು ಏರಿ ಇಳಿದು ಅದನ್ನು ಸಜ್ಜು ಮಾಡುತ್ತವೆ. ಆ ಜೀನ್‌ಗಳನ್ನು ಓದಿ ದಿನ ಗುರುತಿಸುವ ದುಬಾರಿ ಟೆಸ್ಟ್ ಇದೆ. ದೊಡ್ಡ ಪ್ರಯೋಗವೊಂದರಲ್ಲಿ ಅದರಿಂದ ಹೆರಿಗೆಗಳೇನೂ ಜಾಸ್ತಿ ಆಗಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ ಇದನ್ನು ಕೇಳಿ ನೋಡು. ಇನ್ನು ಭ್ರೂಣ ಚೆನ್ನಾಗಿದೆ, ‘ಒಳ್ಳೆ ಗ್ರೇಡ್’ ಅಂದರೆ ಮೈಕ್ರೋಸ್ಕೋಪಿನಲ್ಲಿ ಕಂಡ ರೂಪ ಅಷ್ಟೇ. ಕ್ರೋಮೋಸೋಮ್ ಹೆಚ್ಚುಕಡಿಮೆಯಿದ್ದರೂ ಭ್ರೂಣ ಅಂದವಾಗಿಯೇ ಕಾಣಬಹುದು.

ಪ್ರೊಜೆಸ್ಟೆರಾನ್ ಯಾವತ್ತು ಶುರುಮಾಡಿದ್ದರು, ಹಾಕಿದ್ದು ಮೂರನೇ ದಿನದ ಭ್ರೂಣವೋ ಐದನೇ ದಿನದ್ದೋ, ಫೈಲ್ ನೋಡಿ ಬರೆ. ರಾತ್ರಿ ಫೋನ್ ಮಾಡುತ್ತೇನೆ. ನಿನ್ನ ಹೆಂಡತಿಯೂ ಜೊತೆಗಿರಲಿ.

ನಿನ್ನ ಇಲಿ ಗೆಳೆಯ