ಶಿಕ್ಷಣ ಸಚಿವರಿಗೆ: ಬಯಾಲಜಿ ಅಂದ್ರೆ ಬಾಯಿಪಾಠ ಅಂತ ಮಕ್ಕಳಿಗೆ ಕಲಿಸ್ತಿರೋದು ಕೊಶ್ಚನ್ ಪೇಪರ್

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಹೈಸ್ಕೂಲ್ ಮಕ್ಕಳಿಗೆ ಬಯಾಲಜಿ ಪಾಠ ಮಾಡ್ತೀನಿ. ಪ್ರತಿ ವರ್ಷ ಮೊದಲನೇ ಕ್ಲಾಸಲ್ಲಿ ಪುಸ್ತಕ ತೆಗೆಸೋಕೆ ಮುಂಚೆ ಒಂದೊಂದು ಚೀಟಿ ಕೊಟ್ಟು "ಬಯಾಲಜಿ ಕಲಿಯೋದು ಅಂದ್ರೆ ಏನು" ಅಂತ ಬರೆಸ್ತೀನಿ. ಹೆಚ್ಚುಕಮ್ಮಿ ಎಲ್ರದ್ದೂ ಒಂದೇ ಉತ್ತರ, ಉರು ಹೊಡೆಯೋದು, ಹೆಸರು ನೆನಪಿಟ್ಕೊಳ್ಳೋದು, ಡಯಾಗ್ರಮ್ ಬಿಡಿಸಿ ಭಾಗ ಗುರುತಿಸೋದು. ಎಲ್ಲೋ ಒಂದಿಬ್ರು ಮಾತ್ರ ನನ್ನ ಮೈಯೊಳಗೆ ಏನಾಗ್ತಿದೆ ಅಂತ ತಿಳ್ಕೊಳ್ಳೋದು ಅಂತ ಬರೀತಾರೆ, ಆ ಚೀಟಿಗಳನ್ನ ನಾನು ಜೋಪಾನವಾಗಿ ಎತ್ತಿಟ್ಕೊಂಡಿದ್ದೀನಿ.

ಇದು ನಮ್ಮ ಮಕ್ಕಳದ್ದೊಂದೇ ಕಥೆ ಅಲ್ಲ. 2004ರಲ್ಲಿ ಚಿನ್-ಚುಂಗ್ ತ್ಸೈ ಅನ್ನೋ ಸಂಶೋಧಕರು ತೈವಾನ್ ಹೈಸ್ಕೂಲ್ ಮಕ್ಕಳನ್ನ ಸೈನ್ಸ್ ಕಲಿಯೋದು ಅಂದ್ರೇನು ಅಂತ ಕೇಳಿ ಉತ್ತರಗಳನ್ನ 7 ಬಗೆ ಮಾಡಿದ್ರು, ಬಾಯಿಪಾಠದಿಂದ ಶುರುವಾಗಿ ಜಗತ್ತನ್ನ ಹೊಸ ಕಣ್ಣಿಂದ ನೋಡೋದರ ತನಕ. ಅದ್ರಲ್ಲಿ ಪರೀಕ್ಷೆಗೆ ತಯಾರಾಗೋದು ಅನ್ನೋದೇ ಒಂದು ಬಗೆ. ಓದಿದಾಗ ಬೇಜಾರಾಯ್ತು, ಆಶ್ಚರ್ಯ ಮಾತ್ರ ಆಗ್ಲಿಲ್ಲ.

ಉರು ಹೊಡೆದಿದ್ದು ಎಷ್ಟು ದೂರ ಬರುತ್ತೆ ಅಂತ ಹೇಳ್ತೀನಿ ನೋಡಿ. ದ್ಯುತಿಸಂಶ್ಲೇಷಣೆಯ ಸಮೀಕರಣ ತಪ್ಪಿಲ್ದೆ ಬರೆಯೋ ಮಕ್ಕಳನ್ನೇ ಕೇಳಿದೆ, ಇಷ್ಟು ದೊಡ್ಡ ಮರದ ತೂಕ ಎಲ್ಲಿಂದ ಬಂತು? ಮಣ್ಣಿಂದ ಸಾರ್, ಅಂದ್ರು ಎಲ್ರೂ. ಆಗ 17ನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ವಿಷಯ ಹೇಳಿದೆ, 200 ಪೌಂಡ್ ಒಣ ಮಣ್ಣಲ್ಲಿ 5 ಪೌಂಡಿನ ವಿಲ್ಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ, ಮರ 169 ಪೌಂಡ್ ಆಯ್ತು, ಮಣ್ಣು ಕಮ್ಮಿಯಾಗಿದ್ದು ಸುಮಾರು 2 ಔನ್ಸ್ ಅಷ್ಟೇ. ಹಾಗಾದ್ರೆ ನೀರಿಂದಲೇ ಮರ ಆಯ್ತು ಅಂತ ಅವನು ತೀರ್ಮಾನ ಮಾಡಿದ, ಅದೂ ಪೂರ್ತಿ ಸರಿ ಇರ್ಲಿಲ್ಲ, ಒಣಗಿದ ಮರದ ತೂಕದಲ್ಲಿ ಬಹುಪಾಲು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಬಂದಿದ್ದು ಅಂದಾಗ ಕ್ಲಾಸ್ ಗಪ್‌ಚಿಪ್. ಒಬ್ಬಳು ಡೆಸ್ಕ್ ಮುಟ್ಟಿ ನೋಡಿ "ಇದು ಗಾಳಿನಾ ಸಾರ್?" ಅಂದ್ಲು. ಅವಳ ಪಕ್ಕದವನು ಕೇಳಿದ್ದು, ಇದು ಎಕ್ಸಾಮ್‌ಗೆ ಬರುತ್ತಾ ಅಂತ.

ಅವನನ್ನ ಬೈಯೋಕೆ ನನಗೆ ಮನಸ್ಸು ಬರ್ಲಿಲ್ಲ ಸಚಿವರೇ. ಪೇಪರ್ ತಿದ್ದುವಾಗ ನನಗೆ ಕೊಟ್ಟಿದ್ದ ಕೀ ಆನ್ಸರ್‌ನಲ್ಲಿ, ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಬಗ್ಗೆ ಇದ್ದ ಪ್ರಶ್ನೆಗೆ "ಜೀವಕೋಶದ ಶಕ್ತಿಕೇಂದ್ರ" ಅನ್ನೋ ಪದ ಇದ್ರೆ ಮಾತ್ರ ಮಾರ್ಕ್ಸ್. ಒಬ್ಬ ಹುಡುಗ ಊಟದಲ್ಲಿರೋ ಗ್ಲೂಕೋಸನ್ನ ಒಡೆದು ಜೀವಕೋಶ ಬಳಸೋ ಶಕ್ತಿ ಮಾಡಿಕೊಡೋ ಕೆಲಸದ ಕೊನೆಯ ಮುಖ್ಯ ಹಂತಗಳು ಮೈಟೋಕಾಂಡ್ರಿಯಾದಲ್ಲಿ ನಡೆಯುತ್ತೆ ಅಂತ ತನ್ನ ಮಾತಲ್ಲಿ ಚೆನ್ನಾಗಿ ಬರೆದಿದ್ದ, ಅವನಿಗೆ ಸೊನ್ನೆ ಹಾಕ್ಬೇಕಾಯ್ತು. ಆ ಸೊನ್ನೆ ಹಾಕಿದ್ದು ನನ್ನ ಕೈ, ಇವತ್ತಿಗೂ ಚುಚ್ಚುತ್ತೆ.

ಸಿಲೆಬಸ್ ಬದಲಾಯಿಸಿ ಅಂತ ನಾನು ಕೇಳ್ತಿಲ್ಲ, ಹೆಸರುಗಳು ಗೊತ್ತಿರ್ಲೇಬೇಕು, ಪದ ಇಲ್ದೆ ಯೋಚನೆ ಮಾಡೋಕಾಗಲ್ಲ. ಕೇಳ್ತಿರೋದು ಇಷ್ಟೇ, ಬಯಾಲಜಿ ಪೇಪರಲ್ಲಿ ಕಾಲು ಭಾಗ ಮಾರ್ಕ್ಸಾದ್ರೂ ಪುಸ್ತಕದಲ್ಲಿ ಇಲ್ಲದ ಒಂದು ಪ್ರಯೋಗ, ಒಂದು ಗ್ರಾಫ್ ಕೊಟ್ಟು ಇದು ಯಾಕೆ ಹೀಗಾಯ್ತು ಅಂತ ಕೇಳೋ ಪ್ರಶ್ನೆಗಳಿಗೆ ಇಡಿಸಿ. ಅರ್ಥ ಸರಿ ಇದ್ರೆ ಸ್ವಂತ ಮಾತಿಗೂ ಮಾರ್ಕ್ಸ್ ಕೊಡಬಹುದು ಅಂತ ಕೀ ಆನ್ಸರ್‌ನಲ್ಲೇ ಬರೆಸಿ, ಹಾಗೆ ಪೇಪರ್ ತಿದ್ದೋಕೆ ಹೆಚ್ಚು ಹೊತ್ತು ಬೇಕು, ಆ ಟೈಮೂ ನಮಗೆ ಕೊಡಿಸಿ. ಮುಂದಿನ ವರ್ಷದ ಪೇಪರ್ ತಯಾರಿ ಶುರುವಾಗೋಕೆ ಮುಂಚೆ ಇದಾಗ್ಬೇಕು.

ಇತಿ,
ಒಬ್ಬ ಬಯಾಲಜಿ ಮೇಷ್ಟ್ರು